ಸಭೆಯ ಪಾಲು: ಸತ್ಯ ಹೇಳಿದವನ ರಕ್ಷಣೆ ಯಾರ ಧರ್ಮ?

ಸತ್ಯವನ್ನು ನುಡಿಯಬೇಕೆಂದು ವಿಧಿಸದ ಧರ್ಮಗ್ರಂಥವಿಲ್ಲ; ಆದರೆ ಸತ್ಯವನ್ನು ನುಡಿದ ಮೇಲೆ ಆ ಮನುಷ್ಯನಿಗೆ ಬಂದೊದಗುವ ಕಷ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಮ್ಮ ನೀತಿವಿಚಾರ ಬಹುಮಟ್ಟಿಗೆ ಅರ್ಧಕ್ಕೇ ಬಿಟ್ಟಿದೆ. ಕನ್ನಡದ ಮನಸ್ಸಿನಲ್ಲಿ ಸತ್ಯಕ್ಕೆ ಇರುವ ಎರಡು ದೊಡ್ಡ ಚಿತ್ರಗಳು ಹರಿಶ್ಚಂದ್ರ ಮತ್ತು ಪುಣ್ಯಕೋಟಿ. ಒಬ್ಬನು ರಾಜ್ಯವನ್ನೂ ಹೆಂಡತಿ ಮಗನನ್ನೂ ಕಳೆದುಕೊಂಡು ಸುಡುಗಾಡು ಕಾಯುತ್ತಾನೆ, ಇನ್ನೊಂದು ಜೀವವು ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ತಾನಾಗಿ ನಡೆದು ಬರುತ್ತದೆ. ಎರಡು ಕಥೆಗಳಲ್ಲಿಯೂ ಕಷ್ಟವೆಲ್ಲ ಸತ್ಯವಂತರ ಪಾಲಿಗೆ ಬರುತ್ತದೆ, ಕೊನೆಗೆ ಕಾಪಾಡುವುದು ದೈವದ ಕರುಣೆ ಅಥವಾ ಹುಲಿಯ ಹೃದಯ. ನೋಡುತ್ತ ನಿಂತ ಊರಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಕಂಪನಿಗಳೂ ಬಂದರುಗಳೂ ಇಲಾಖೆಗಳೂ ತುಂಬಿರುವ ಇಂದಿನ ಬದುಕಿನಲ್ಲಿ ಈ ಚಿತ್ರ ಸಾಲದು, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯೆನಿಸಿಕೊಂಡ ಕಂಪನಿಗೆ ಹುಲಿಗಿದ್ದ ಹೃದಯವಿಲ್ಲ.

ತಾನು ದುಡಿಯುವ ಕಂಪನಿ ಅಥವಾ ಇಲಾಖೆಯೊಳಗೆ ನಡೆಯುತ್ತಿರುವ ಲಂಚ, ಕಳ್ಳಲೆಕ್ಕ ಅಥವಾ ಸಾರ್ವಜನಿಕ ಸ್ವತ್ತಿನ ಲೂಟಿಯನ್ನು ಒಳಗಿನವನಾಗಿಯೇ ಕಂಡು, ಅದನ್ನು ತಡೆಯಬಲ್ಲವರಿಗೆ ತಿಳಿಸುವವನನ್ನು ಕಾನೂನು ಮಾಹಿತಿದಾರ ಎನ್ನುತ್ತದೆ, ಪತ್ರಿಕೆಗಳು ವಿಷಲ್‌ಬ್ಲೋವರ್ ಎನ್ನುತ್ತವೆ, ಜೊತೆಗೆ ದುಡಿಯುವವರು ಹೆಚ್ಚಾಗಿ ಚಾಡಿಕೋರ ಎನ್ನುತ್ತಾರೆ. ಈ ಮನುಷ್ಯನಿಗೆ ವಕೀಲನನ್ನೂ ಗುಟ್ಟನ್ನೂ ಸಂಬಳದ ಭದ್ರತೆಯನ್ನೂ ಒದಗಿಸುವುದು ಆಡಳಿತದ ಔದಾರ್ಯವೋ ಅಥವಾ ಸಮಾಜ ತೀರಿಸಲೇಬೇಕಾದ ಋಣವೋ ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ. ಪ್ರಶ್ನೆ ಗ್ರಾಂಥಿಕವಲ್ಲ. ಅಂಕೋಲಾ ತಾಲ್ಲೂಕಿನ ಕಡಲಂಚಿನ ಬೆಳಂಬಾರದಿಂದ ಉತ್ತರಕ್ಕೆ ಅದೇ ಕರಾವಳಿಯಲ್ಲಿರುವ ಬೇಲೆಕೇರಿ ಬಂದರಿನಲ್ಲಿ ಅದು ಒಮ್ಮೆ ಕಬ್ಬಿಣದ ಅದಿರಿನ ರಾಶಿಗಳ ರೂಪದಲ್ಲಿ ಎಲ್ಲರ ಕಣ್ಣೆದುರಿಗೆ ಬಿದ್ದಿತ್ತು.

ಬೇಲೆಕೇರಿ ದೊಡ್ಡ ಹಡಗುಗಳು ದಂಡೆಗೆ ತಾಗಿ ನಿಲ್ಲುವ ಬಂದರಲ್ಲ. ಹಡಗು ದೂರದ ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ದಕ್ಕೆಯಿಂದ ಬಾರ್ಜುಗಳು ಅದಿರನ್ನು ಹೊತ್ತು ಅಲ್ಲಿಗೆ ಒಯ್ಯುತ್ತಿದ್ದವು. ಬಳ್ಳಾರಿ, ಹೊಸಪೇಟೆ ಕಡೆಯ ಗಣಿಗಳಿಂದ ಹೊರಟ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟವನ್ನಿಳಿದು ಬರುತ್ತಿದ್ದ ಆ ವರ್ಷಗಳಲ್ಲಿ ಹೆದ್ದಾರಿಯ ಇಕ್ಕೆಲದ ಮರದ ಎಲೆಗಳ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಅರಣ್ಯ ಪ್ರದೇಶದಿಂದ ಅಗೆದ ಅದಿರು ಕಾನೂನಿನ ಪ್ರಕಾರ ಅರಣ್ಯ ಉತ್ಪನ್ನ, ಅದರ ಸಾಗಣೆಗೆ ಇಲಾಖೆಯ ರಹದಾರಿ ಪತ್ರ ಬೇಕು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ್ದ ಆ ದಿನಗಳಲ್ಲಿ ದಕ್ಕೆಗೆ ಬಂದು ಬಿದ್ದ ಅದಿರಿಗೂ ಕೊಟ್ಟ ಪತ್ರಗಳಿಗೂ ತಾಳೆಯಾಗದೆ ಹೋದಾಗ, 2010ರ ಮಾರ್ಚ್ ತಿಂಗಳಲ್ಲಿ ಅರಣ್ಯಾಧಿಕಾರಿಗಳು ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡಿ, ಪಂಚನಾಮೆ ಬರೆದು, ಅದನ್ನು ಬಂದರು ಅಧಿಕಾರಿಯ ಸುಪರ್ದಿಗೆ ಒಪ್ಪಿಸಿದರು. ಸುಪರ್ದಿಯೆಂದರೆ ನ್ಯಾಯಾಲಯದ ಮಾತು ಬರುವವರೆಗೆ ಜೋಪಾನವಾಗಿಡಲು ಕೊಟ್ಟ ಒತ್ತೆ. ಮುಂದಿನ ತಿಂಗಳುಗಳಲ್ಲಿ ಆ ಒತ್ತೆಯ ಬಹುಭಾಗವೇ ಹಡಗು ಹತ್ತಿ ಹೋಗಿತ್ತು.

ಇದನ್ನು ಹಿಡಿದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರಿಗೆ ಸಿಕ್ಕಿದ್ದು ಮೆಚ್ಚುಗೆಯಲ್ಲ, ಅಮಾನತಿನ ಶಿಫಾರಸು. ಅದೂ ಬಂದರು ಖಾತೆಯ ಸಚಿವರ ಕಡೆಯಿಂದ. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ಕೊಟ್ಟರು, ಅಕ್ರಮ ಗಣಿಗಾರಿಕೆಯ ತನಿಖೆಗೆ ನೆರವಾದ ಅಧಿಕಾರಿಯನ್ನು ಕಾಪಾಡಲು ತಮ್ಮಿಂದಾಗದಿದ್ದರೆ ಈ ಹುದ್ದೆಗೆ ಅರ್ಥವಿಲ್ಲವೆಂಬ ನಿಲುವು ಅದರ ಹಿಂದಿತ್ತು. ಜುಲೈ ಮೊದಲ ವಾರದಲ್ಲಿ ಅವರು ರಾಜೀನಾಮೆಯನ್ನು ಹಿಂತೆಗೆದುಕೊಂಡರು, ಆ ತಿಂಗಳ ಕೊನೆಗೆ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು, ಮರುವರ್ಷ ಜುಲೈ 27ರಂದು ಸಲ್ಲಿಕೆಯಾದ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಅಂದಾಜಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ರಫ್ತಿನ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರು, ಬಂದರು ಅಧಿಕಾರಿ ಮತ್ತು ಕಂಪನಿಗಳವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಮೇಲ್ಮನವಿಯ ದಾರಿ ತೆರೆಯಿತು. ಪಂಚನಾಮೆಯಿಂದ ಮೊದಲ ತೀರ್ಪಿಗೆ ಹದಿನಾಲ್ಕು ವರ್ಷ ಹಿಡಿಯಿತು. ಭಾರತೀಯ ಅರಣ್ಯ ಸೇವೆಯವರಾದ ಗೋಕುಲ್ ಅವರಿಗೆ ಸೇವಾನಿಯಮಗಳ ಆಸರೆ ಇತ್ತು, ಅವರ ಪರವಾಗಿ ಹುದ್ದೆಯನ್ನೇ ಬಿಡಲು ಸಿದ್ಧರಾದ ಲೋಕಾಯುಕ್ತರಿದ್ದರು. ಅದೇ ದಕ್ಕೆಯಲ್ಲಿ ಬಾರ್ಜಿನ ಲೆಕ್ಕ ಬರೆಯುವ ಗುಮಾಸ್ತನಿಗೆ, ತೂಕದ ಚೀಟಿ ಹರಿಯುವ ದಿನಗೂಲಿಯವನಿಗೆ ಇವೆರಡರಲ್ಲಿ ಒಂದೂ ಇರುವುದಿಲ್ಲ. ಅಕ್ರಮದ ಮೊದಲ ಸಾಕ್ಷಿ ಕಣ್ಣಿಗೆ ಬೀಳುವುದು ಮಾತ್ರ ಅವರಿಗೇ.

ಅಂಥವನ ಬಾಯಿ ಕಟ್ಟುವುದು ಭಯವೊಂದೇ ಅಲ್ಲ. ಉಂಡ ಮನೆಯ ಜಂತಿ ಎಣಿಸಬಾರದೆಂಬ ಮಾತು ಈ ನಾಡಿನಲ್ಲಿ ನೀತಿಯಾಗಿಯೇ ಬೆಳೆದಿದೆ. ಹಳಗನ್ನಡ ಕಾವ್ಯಗಳು ಜೋಳದ ಪಾಳಿ ಎಂದು ಕರೆದದ್ದು, ಅಂದರೆ ಅನ್ನ ಕೊಟ್ಟ ಒಡೆಯನಿಗೆ ಪ್ರಾಣ ಕೊಟ್ಟಾದರೂ ತೀರಿಸಬೇಕಾದ ಋಣ, ಪಂಪನ ಕರ್ಣನಲ್ಲಿ ತನ್ನ ಅತ್ಯುನ್ನತ ರೂಪವನ್ನು ಪಡೆಯಿತು. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದ ಕರ್ಣ ಓದುಗನ ಕಣ್ಣಲ್ಲಿ ನೀರು ತರಿಸುವುದು ಈ ನಿಷ್ಠೆಯಿಂದಲೇ, ಆ ಕಣ್ಣೀರು ಸುಳ್ಳಲ್ಲ. ಆದರೆ ವ್ಯಾಸಭಾರತದ ಅದೇ ಕರ್ಣ ದ್ಯೂತಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದು ನಿಂತ ಕೌರವ ಸೋದರ ವಿಕರ್ಣನನ್ನು ಎಳೆಯನೆಂದು ಜರೆದು ಕೂರಿಸಿದವನೂ ಹೌದು. ರಣದಲ್ಲಿ ಒಡೆಯನಿಗಾಗಿ ಸಾಯುವುದಕ್ಕೂ ಸಭೆಯಲ್ಲಿ ಒಡೆಯನ ಅನ್ಯಾಯಕ್ಕೆ ಬಾಯಾಗುವುದಕ್ಕೂ ಇರುವ ಅಂತರವನ್ನು ಋಣದ ನೀತಿ ಅಳಿಸಿಹಾಕುತ್ತದೆ. ಯುದ್ಧಕ್ಕೆ ಮುಂಚೆ ಆಶೀರ್ವಾದ ಬೇಡಿ ಬಂದ ಧರ್ಮರಾಯನಿಗೆ ಭೀಷ್ಮನು, ಮನುಷ್ಯ ಅರ್ಥಕ್ಕೆ ದಾಸನಾಗುತ್ತಾನೆ, ತನ್ನನ್ನು ಕೌರವರು ಅರ್ಥದಿಂದ ಕಟ್ಟಿಹಾಕಿದ್ದಾರೆ ಎಂದು ಒಪ್ಪಿಕೊಳ್ಳುತ್ತಾನೆ. ಸಂಬಳಕ್ಕೆ ಕಟ್ಟುಬಿದ್ದು ಕಂಡದ್ದನ್ನು ಕಾಣದಂತಿರುವ ನೌಕರನ ಸ್ಥಿತಿಯನ್ನು ಇಷ್ಟು ನಿಷ್ಠುರವಾಗಿ ಹೇಳಿದ ಮಾತು ಬೇರೊಂದು ಸಿಗುವುದು ಕಷ್ಟ, ಅದನ್ನು ಹೇಳಿದವನು ಕುರುಕುಲದ ಹಿರಿಯನೆಂಬುದು ಅದರ ಭಾರವನ್ನು ಹೆಚ್ಚಿಸುತ್ತದೆ.

ಉತ್ತರ ಕನ್ನಡದಲ್ಲಿ ಗೇರುಸೊಪ್ಪೆ, ಹಾಡುವಳ್ಳಿಗಳಂಥ ನೆಲೆಗಳನ್ನು ಬಿಟ್ಟುಹೋದ ಜೈನ ಪರಂಪರೆ ಈ ತೊಡಕನ್ನು ಇನ್ನೂ ಸೂಕ್ಷ್ಮವಾಗಿ ಕಂಡಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗೃಹಸ್ಥನ ಸತ್ಯವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತ ಮುರಿಯದಿದ್ದರೂ ಅದನ್ನು ಕೆಡಿಸುವ ದೋಷಗಳನ್ನು, ಹೆಸರಿಸುತ್ತದೆ; ಅವುಗಳಲ್ಲಿ ಇನ್ನೊಬ್ಬರ ಗುಟ್ಟನ್ನು ಹೊರಹಾಕುವ ರಹೋಭ್ಯಾಖ್ಯಾನವೂ ಇದೆ, ಸುಳ್ಳು ದಾಖಲೆ ಬರೆಯುವ ಕೂಟಲೇಖಕ್ರಿಯೆಯೂ ಇದೆ, ನಂಬಿ ಇಟ್ಟ ಒತ್ತೆಯನ್ನು ಅಪಹರಿಸುವ ನ್ಯಾಸಾಪಹಾರವೂ ಇದೆ. ಗುಟ್ಟು ಕಾಯುವುದು ಸತ್ಯದ ಅಂಗವೆಂದು ಒಪ್ಪಿಕೊಂಡೇ ಈ ಪಟ್ಟಿ ಕಳ್ಳಪತ್ರವನ್ನೂ ಒತ್ತೆಯ ಅಪಹಾರವನ್ನೂ ಅದರ ಪಕ್ಕದಲ್ಲಿ ಕೂರಿಸಿರುವುದರಿಂದ, ಕಚೇರಿಯ ಗುಟ್ಟುಗಳೆಲ್ಲ ಒಂದೇ ತೂಕದವಲ್ಲವೆಂದು ಎಣಿಸುವುದು ನ್ಯಾಯವಾಗುತ್ತದೆ. ವ್ಯಾಪಾರದ ಸೂತ್ರ, ಗಿರಾಕಿಯ ಖಾತೆ, ಸಹೋದ್ಯೋಗಿಯ ಮನೆಯ ಮಾತು ಇವು ಕಾಯಬೇಕಾದ ಗುಟ್ಟುಗಳು. ಸುಪರ್ದಿಗೆ ಕೊಟ್ಟ ಅದಿರು ರಾತ್ರೋರಾತ್ರಿ ಬಾರ್ಜು ಹತ್ತಿದ ಸಂಗತಿಯಾದರೋ ಗುಟ್ಟಿನ ಹೆಸರಿನಲ್ಲಿ ನಡೆದ ನ್ಯಾಸಾಪಹಾರ. ಅದನ್ನು ಮುಚ್ಚಿಡುವುದರಿಂದ ವ್ರತ ಉಳಿಯುವುದಿಲ್ಲ.

ಹಾಗಿದ್ದರೆ ಹೇಳುವ ಹೊರೆ ಯಾರ ಮೇಲೆ ಎಷ್ಟು? ಇದಕ್ಕೆ ಭಾರತೀಯ ಪರಂಪರೆಯಲ್ಲಿ ಒಂದು ಲೆಕ್ಕಾಚಾರವೇ ಇದೆ, ಅದು ಸಿಗಬೇಕಾದಷ್ಟು ಗಮನ ಪಡೆದಿಲ್ಲ. ದ್ಯೂತಸಭೆಯಲ್ಲಿ ಎಲ್ಲರೂ ತಲೆತಗ್ಗಿಸಿದ್ದಾಗ ವಿದುರನು, ತನ್ನ ಮಗ ವಿರೋಚನನ ವಿರುದ್ಧವೇ ತೀರ್ಪು ಕೊಡಬೇಕಾಗಿ ಬಂದ ಪ್ರಹ್ಲಾದನಿಗೆ ಕಶ್ಯಪನು ಹೇಳಿದ ಧರ್ಮವನ್ನು ನೆನಪಿಸುತ್ತಾನೆ. ನಿಂದಿಸಬೇಕಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧ ಪಾಲು ಸಭೆಯ ಮುಖ್ಯನಿಗೆ ಸೇರುತ್ತದೆ, ಕಾಲು ಪಾಲು ಮಾಡಿದವನಿಗೆ, ಉಳಿದ ಕಾಲು ಪಾಲು ಸುಮ್ಮನೆ ಕೂತ ಸಭಾಸದರಿಗೆ. ಅನ್ಯಾಯ ಮಾಡಿದವನಿಗಿಂತ ಇಮ್ಮಡಿ ಹೊರೆ ಅದನ್ನು ತಡೆಯುವ ಅಧಿಕಾರವಿದ್ದೂ ತಡೆಯದವನ ಮೇಲೆ ಬೀಳುವ ಈ ಹಂಚಿಕೆ ಮೊದಲ ಓದಿಗೆ ವಿಪರೀತವೆನಿಸಿದರೂ, ಸಂಸ್ಥೆಗಳ ಕಾಲಕ್ಕೆ ಇದಕ್ಕಿಂತ ಹೊಂದುವ ನೀತಿ ಕಾಣದು. ಲೂಟಿ ಒಬ್ಬನ ಕೈಕೆಲಸವಲ್ಲ; ಸಹಿ ಹಾಕಿದವರು, ಗೇಟು ತೆರೆದವರು, ದೂರು ಬಂದಾಗ ಕಡತವನ್ನು ಕೆಳಗಿಟ್ಟವರು ಕೂಡಿ ಅದನ್ನು ನಡೆಸುತ್ತಾರೆ. ಸಭಾಸದನ ಕಾಲು ಪಾಲಿನಿಂದ ಬಿಡಿಸಿಕೊಳ್ಳಲು ಗುಮಾಸ್ತ ಬಾಯಿ ತೆರೆಯಬೇಕು, ನಿಜ. ಆದರೆ ಅವನು ಬಾಯಿ ತೆರೆಯುವಂಥ ಸಭೆಯನ್ನು ಕಟ್ಟುವುದು ಮುಖ್ಯನ ಕೆಲಸ, ಅದನ್ನು ಕಟ್ಟದಿದ್ದರೆ ಅರ್ಧ ಪಾಲು ಮುಖ್ಯನಲ್ಲೇ ಉಳಿಯುತ್ತದೆ. ವಿಕರ್ಣನಿಗೆ ಅಂಥ ಸಭೆ ಸಿಗಲಿಲ್ಲ. ನಿಜ ಹೇಳಿದ ಅವನು ಕೌರವರ ಪಾಳೆಯದಲ್ಲೇ ಉಳಿದು, ನೂರ್ವರನ್ನೂ ಕೊಲ್ಲುವೆನೆಂದು ಶಪಥ ಮಾಡಿದ್ದ ಭೀಮನ ಕೈಯಲ್ಲಿ ಸತ್ತ, ಭೀಮನೂ ಅವನಿಗಾಗಿ ಮರುಗಿದ.

ಮಾಹಿತಿದಾರನ ಹೆಸರನ್ನು ಮುಚ್ಚಿಡುವುದು ಸತ್ಯಕ್ಕೆ ವಿರೋಧವಲ್ಲವೇ ಎಂಬ ಆಕ್ಷೇಪಕ್ಕೂ ಮಹಾಭಾರತದಲ್ಲಿಯೇ ಉತ್ತರವಿದೆ. ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯಲ್ಲಿ, ದರೋಡೆಕೋರರಿಗೆ ಹೆದರಿ ಕಾಡು ಹೊಕ್ಕ ಜನರ ಅಡಗುದಾಣವನ್ನು ಆ ತಪಸ್ವಿ ತನ್ನ ಸತ್ಯವ್ರತ ಕೆಡಬಾರದೆಂದು ತೋರಿಸಿಕೊಡುತ್ತಾನೆ, ಅವರು ಕೊಲೆಯಾಗುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಅಂದರೆ ಕೊಲ್ಲಬಯಸುವವನಿಗೆ ಸತ್ಯದ ಮೇಲೆ ಹಕ್ಕಿಲ್ಲ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಕಾಮಗಾರಿಯ ಅಕ್ರಮಗಳನ್ನು ಪ್ರಧಾನಿಯ ಕಚೇರಿಗೆ ಬರೆದು ತಮ್ಮ ಹೆಸರು ಗುಟ್ಟಾಗಿರಲೆಂದು ಬೇಡಿಕೊಂಡಿದ್ದರು. ಪತ್ರ ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಸಾಗಿತು, 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆಕೋರರ ಕೃತ್ಯವೆಂದು ತನಿಖೆ ಹೇಳಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಲೆಯ ಕಾರಣ ಏನೇ ಇರಲಿ, ನಂಬಿ ಕೊಟ್ಟ ಹೆಸರನ್ನು ಬಯಲು ಮಾಡಿದ ಕಚೇರಿ ಕೌಶಿಕನ ತಪ್ಪನ್ನೇ ಮಾಡಿತ್ತು.

ಆ ಸಾವಿನ ನಂತರ ಸುಪ್ರೀಂ ಕೋರ್ಟಿನ ಒತ್ತಡದಿಂದ ಕೇಂದ್ರ ಸರ್ಕಾರ 2004ರ ಏಪ್ರಿಲ್ 21ರಂದು ಹೊರಡಿಸಿದ ನಿರ್ಣಯವೇ ಇಂದಿಗೂ ದೇಶದಲ್ಲಿ ಚಾಲ್ತಿಯಲ್ಲಿರುವ ಮುಖ್ಯ ಆಸರೆ. ಅದರಂತೆ ದೂರನ್ನು ಕೇಂದ್ರ ಜಾಗೃತ ಆಯೋಗಕ್ಕೆ ಅಂಟಿಸಿದ ಲಕೋಟೆಯಲ್ಲಿ ಕಳಿಸಬೇಕು, ಲಕೋಟೆಯ ಮೇಲೆ ಕಳಿಸಿದವರ ಹೆಸರು ಇರಕೂಡದು, ಒಳಗಿನ ಕಾಗದದಲ್ಲಿ ಇರಲೇಬೇಕು. ಆಯೋಗ ಹೆಸರನ್ನು ಮುಚ್ಚಿಟ್ಟು ವಿಷಯವನ್ನು ಮಾತ್ರ ತನಿಖೆಗೆ ಕಳಿಸುತ್ತದೆ. ವ್ಯವಸ್ಥೆ ಸರಳವೂ ಸಭ್ಯವೂ ಆಗಿದೆ, ಆದರೆ ಕೇಂದ್ರದ ಇಲಾಖೆ ಮತ್ತು ಉದ್ಯಮಗಳಿಗೆ ಮಾತ್ರ. ರಾಜ್ಯದ ಬಂದರು ಇಲಾಖೆಯ ಅಕ್ರಮವನ್ನಾಗಲಿ ಖಾಸಗಿ ರಫ್ತು ಕಂಪನಿಯ ಲಂಚವನ್ನಾಗಲಿ ಆ ಲಕೋಟೆಯಲ್ಲಿ ಹಾಕಿ ಕಳಿಸಿ ಫಲವಿಲ್ಲ. ರಾಜ್ಯದ ನೌಕರರನ್ನೂ ಒಳಗೊಳ್ಳಬೇಕಿದ್ದ 2014ರ ಮಾಹಿತಿದಾರರ ರಕ್ಷಣಾ ಕಾಯ್ದೆಗೆ ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು, ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲೇ ಇಲ್ಲ. ಸಂಸತ್ತು ಒಪ್ಪಿದ ಅಭಯವನ್ನು ಹೀಗೆ ಕಪಾಟಿನಲ್ಲಿಟ್ಟಿರುವುದು ಸಾಮಾನ್ಯ ಆಡಳಿತ ವಿಳಂಬವಲ್ಲ. ಕಶ್ಯಪನ ಲೆಕ್ಕದ ಅರ್ಧ ಪಾಲು ಬೀಳುವುದು ಇಂಥ ಕಡೆಯಲ್ಲೇ.

ಇಷ್ಟೆಲ್ಲ ರಕ್ಷಣೆ ಬೇಡುವ ಸತ್ಯ ಸತ್ಯವೇ ಎಂಬ ಇನ್ನೊಂದು ಆಕ್ಷೇಪ ಅಂಕೋಲೆಯಲ್ಲಿ ವಿಶೇಷ ಬಲದಿಂದ ಏಳಬಹುದು, ಏಕೆಂದರೆ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾಯ್ದೆಯನ್ನು ಬಹಿರಂಗವಾಗಿ ಮುರಿದು, ಮುಂದೆ ಕರನಿರಾಕರಣೆಯಲ್ಲಿ ಗದ್ದೆ ಮನೆಗಳನ್ನು ಕಳೆದುಕೊಂಡು, ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ನೆಲ ಅದು. ಸತ್ಯಾಗ್ರಹಿ ಹೆಸರು ಮುಚ್ಚಿಡುವುದಿಲ್ಲ, ವಕೀಲನನ್ನು ಹಿಡಿದು ತಪ್ಪಿಸಿಕೊಳ್ಳುವುದಿಲ್ಲ, ಶಿಕ್ಷೆಯನ್ನು ಬಯಸಿ ಪಡೆಯುತ್ತಾನೆ. ಆಕ್ಷೇಪ ಗಂಭೀರವಾದರೂ ಎರಡು ಬೇರೆ ಸ್ಥಿತಿಗಳನ್ನು ಒಂದಾಗಿಸುತ್ತದೆ. ಸತ್ಯಾಗ್ರಹಿ ಅನ್ಯಾಯದ ಕಾನೂನನ್ನು ಮುರಿಯುತ್ತಾನೆ, ಆ ಕಾನೂನು ಕೊಡುವ ಶಿಕ್ಷೆಯನ್ನು ಅನುಭವಿಸಿ ಅದರ ಅನ್ಯಾಯವನ್ನು ತೋರಿಸುತ್ತಾನೆ. ಮಾಹಿತಿದಾರ ಮುರಿಯುವುದು ಯಾವ ಕಾನೂನನ್ನೂ ಅಲ್ಲ, ಅವನು ಕಾನೂನಿನ ಪರವಾಗಿಯೇ ನಿಂತವನು. ಅವನ ಮೇಲೆ ಬೀಳುವ ವರ್ಗಾವಣೆ, ಸುಳ್ಳು ಮೊಕದ್ದಮೆ, ಹಲ್ಲೆ ಕಾನೂನಿನ ಶಿಕ್ಷೆಗಳಲ್ಲ, ಕಾನೂನು ಮುರಿದವರು ಕೊಡುವ ಪೆಟ್ಟುಗಳು. ಅವನ್ನು ಸಹಿಸಿಕೊಳ್ಳುವುದರಿಂದ ಯಾರ ಹೃದಯವೂ ಪರಿವರ್ತನೆಯಾಗುವುದಿಲ್ಲ. ಹೋರಾಟಗಾರರ ಬಲಿದಾನವನ್ನು ಅಂದಿನ ಸಮಾಜವೂ ಬರಿಗೈಯಲ್ಲಿ ಹೊಗಳಿ ಸುಮ್ಮನಾಗಲಿಲ್ಲ. ಉತ್ತರ ಕನ್ನಡ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ, ಕರನಿರಾಕರಣೆಯಲ್ಲಿ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸಲು 1938ರಲ್ಲಿ ಕಾಯ್ದೆಯನ್ನೇ ಮಾಡಿತು. ಗದ್ದೆ ಮರಳಿ ಪಡೆದವನ ತ್ಯಾಗ ಕಡಿಮೆಯಾಯಿತೆಂದು ಆಗ ಯಾರೂ ಎಣಿಸಲಿಲ್ಲ.

ಬಹುಮಾನದ ಪ್ರಶ್ನೆ ಇದಕ್ಕಿಂತ ಕಠಿಣ. ಅಮೆರಿಕದಲ್ಲಿ 1977ರ ಕಾಯ್ದೆಯೊಂದು ಅಲ್ಲಿನ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವೆನ್ನುತ್ತದೆ; 2010ರಿಂದ ಅಲ್ಲಿಯ ಷೇರುಪೇಟೆ ಆಯೋಗವು, ಹತ್ತು ಲಕ್ಷ ಡಾಲರಿಗೆ ಮೀರಿದ ದಂಡ ವಸೂಲಿಗೆ ಕಾರಣವಾದ ಮಾಹಿತಿಗೆ ಶೇ. 10ರಿಂದ 30ರಷ್ಟು ಪಾಲು ಕೊಡುತ್ತದೆ. ಮಾಹಿತಿದಾರ ಯಾವ ದೇಶದವನಾದರೂ ಆಗಬಹುದು, ವಕೀಲನ ಮೂಲಕ ಬಂದರೆ ದೂರು ಕೊಡುವಾಗ ಹೆಸರನ್ನೂ ಹೇಳಬೇಕಿಲ್ಲ. ಚೆನ್ನೈ ಕಚೇರಿ ಕಟ್ಟಡದ ಪರವಾನಗಿಗಾಗಿ ಲಂಚ ಕೊಡಿಸಿದ ಆರೋಪದಲ್ಲಿ ಕಾಗ್ನಿಜೆಂಟ್ ಕಂಪನಿ 2019ರಲ್ಲಿ ಎರಡೂವರೆ ಕೋಟಿ ಡಾಲರ್ ತೆತ್ತದ್ದು ಈ 1977ರ ಕಾಯ್ದೆಯಡಿಯಲ್ಲಿ. ರ‍್ಯಾನ್‌ಬ್ಯಾಕ್ಸಿಯ ಔಷಧ ಪರೀಕ್ಷೆಗಳ ಸುಳ್ಳು ದಾಖಲೆಗಳನ್ನು ಬಯಲಿಗೆಳೆದ ದಿನೇಶ್ ಠಾಕೂರ್ ಅವರಿಗೆ 2013ರಲ್ಲಿ ಬೇರೊಂದು ಅಮೆರಿಕನ್ ಕಾಯ್ದೆಯಂತೆ ಸುಮಾರು 4.8 ಕೋಟಿ ಡಾಲರ್ ಸಂದಿತು. ಬೇಲೆಕೇರಿಯ ಅದಿರು ಕಡಲಾಚೆ ಹೋದರೂ ಆ ಬಂದರಿನ ವ್ಯಾಪಾರಿಗಳೂ ಅಧಿಕಾರಿಗಳೂ ಈ ದೇಶದವರೇ ಆದ್ದರಿಂದ ಅಂಥ ಕಾಯ್ದೆಗೆ ಅಲ್ಲಿ ಕೆಲಸವಿರಲಿಲ್ಲ.

ಹಣ ಪಡೆದ ಸತ್ಯ ಮಾರಾಟದ ಸತ್ಯವೆಂಬ ಅಳುಕು ಸಹಜ. ವಿಭೀಷಣನ ಮೇಲೂ ಇದೇ ಅನುಮಾನ ಇತ್ತು. ಕಡಲ ದಡದಲ್ಲಿ ಸುಗ್ರೀವ ಅವನನ್ನು ನಂಬಬಾರದೆಂದ, ಹನುಮಂತ ನಂಬಬಹುದೆಂದ. ರಾಮ ಅವನ ಅಂತರಂಗವನ್ನು ಅಳೆಯಲು ಕೂರದೆ, ಶರಣು ಬಂದವನಿಗೆ ಅಭಯ ಕೊಡುವುದು ತನ್ನ ವ್ರತವೆಂದು ಹೇಳಿ, ಲಂಕೆಯ ಪಟ್ಟವನ್ನೂ ಅಲ್ಲೇ ಕಟ್ಟಿದ. ಲಾಭ ಸಿಕ್ಕಿತೆಂಬ ಕಾರಣಕ್ಕೆ ರಾವಣನ ಅಪರಾಧ ಸುಳ್ಳಾಗಲಿಲ್ಲ. ಹೇಳಿದ ಸಂಗತಿ ನಿಜವೇ ಎಂಬುದು ತನಿಖೆಯ ವಿಷಯ, ಹೇಳಿದವನ ಮನಸ್ಸು ಶುದ್ಧವೇ ಎಂಬುದು ಅವನ ಸ್ವಂತ ಸಾಧನೆಯ ವಿಷಯ, ಇವೆರಡನ್ನು ಬೆರೆಸುವುದರಿಂದ ಅನುಕೂಲವಾಗುವುದು ಅಪರಾಧಿಗೆ ಮಾತ್ರ. ಬೇಕೆಂದೇ ಸುಳ್ಳು ದೂರು ಕೊಟ್ಟವನಿಗೆ ಎರಡು ವರ್ಷದವರೆಗೆ ಸೆರೆಯನ್ನು 2014ರ ಕಾಯ್ದೆಯೇ ಹೇಳಿರುವುದರಿಂದ ಕೂಟಲೇಖದ ಭಯಕ್ಕೂ ಉತ್ತರವಿದೆ. ಆದರೂ ಪರದೇಶದ ಕಾಯ್ದೆಯನ್ನು ನೆಚ್ಚಿ ಕೂರುವುದು ಸರಿಯಲ್ಲ. 2025ರ ಫೆಬ್ರುವರಿಯಲ್ಲಿ ಅಲ್ಲಿನ ಅಧ್ಯಕ್ಷರು ಒಂದೇ ಆದೇಶದಿಂದ ಆ 1977ರ ಕಾಯ್ದೆಯ ಹೊಸ ಪ್ರಕರಣಗಳನ್ನು ತಡೆಹಿಡಿದರು, ಜೂನಿನಲ್ಲಿ ಕಿರಿದಾದ ಮಾರ್ಗಸೂಚಿ ಬಂದಿತು. ಭಾರತೀಯ ಕಂಪನಿ ಹೊರದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಶಿಕ್ಷಿಸಲು ಇಲ್ಲಿ 2011ರಲ್ಲಿ ಮಂಡನೆಯಾದ ಮಸೂದೆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. ಮಾಹಿತಿದಾರರ ರಕ್ಷಣೆಯನ್ನು ಹೇಳುವ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು ಭಾರತ ಅದೇ ವರ್ಷ ಸ್ಥಿರೀಕರಿಸಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ರಕ್ಷಣೆಯಿಲ್ಲದ ಸತ್ಯದ ಬೆಲೆಯನ್ನು ಕನ್ನಡ ನಾಡು ತೆತ್ತಿದೆ. ಕೋಲಾರದ ಚಿನ್ನದ ಗಣಿ ಪ್ರದೇಶದ ಮನೆಯವರು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು ಮಂಜುನಾಥ್ ಷಣ್ಮುಗಂ; ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದಾಗ ಅವರಿಗೆ 27 ವರ್ಷ. ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು.

ಹಾಗೆಂದು ಇಂದು ಕೈಗೆ ಸಿಗುವ ಕಾನೂನಿನ ನೆರವು ಶೂನ್ಯವೇನಲ್ಲ. ಭ್ರಷ್ಟಾಚಾರ ನಿಗ್ರಹ ಕಾಯ್ದೆಗೆ 2018ರಲ್ಲಾದ ತಿದ್ದುಪಡಿಯಂತೆ, ಬಲವಂತಕ್ಕೆ ಸಿಕ್ಕಿ ಲಂಚ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅಪರಾಧಿಯಾಗುವುದಿಲ್ಲ. ಅದೇ ತಿದ್ದುಪಡಿ ಲಂಚ ಕೊಟ್ಟ ಕಂಪನಿಯನ್ನೂ ಹೊಣೆಯಾಗಿಸಿತು. ಷೇರುಪೇಟೆಯಲ್ಲಿರುವ ಕಂಪನಿಗಳು ನೌಕರರ ದೂರು ಕೇಳುವ ವ್ಯವಸ್ಥೆಯನ್ನು ಇಟ್ಟುಕೊಳ್ಳಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ವಕೀಲನಿಗೆ ಕಕ್ಷಿದಾರ ಹೇಳಿದ್ದನ್ನು ಹೊರಗೆಡಹುವಂತೆ ಸಾಕ್ಷ್ಯ ಕಾನೂನು ಒತ್ತಾಯಿಸುವುದಿಲ್ಲ, ಅಪರಾಧದ ಸುಳಿವು ಯಾರಿಂದ ಬಂತೆಂದು ಪೊಲೀಸ್ ಅಧಿಕಾರಿಯೂ ಹೇಳಬೇಕಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯೂ ಇದೆ. ಇವೆಲ್ಲ ಇಲ್ಲೊಂದು ಅಲ್ಲೊಂದು ಬಿದ್ದಿರುವುದರಿಂದ ಇವನ್ನು ಒಟ್ಟುಗೂಡಿಸಿ, ಯಾವ ಕಾಗದ ಮೊದಲು, ಯಾವ ಕದ ಮೊದಲು ಎಂದು ಹೇಳಿಕೊಡುವ ವಕೀಲನೇ ಮಾಹಿತಿದಾರನ ಮೊದಲ ಅಗತ್ಯ. ಅಂಥ ವಕೀಲನ ಖರ್ಚು ಬೆಳಂಬಾರದ ಮೀನುಗಾರನ ಮಗನಿಗಾಗಲಿ ಹಾಲಕ್ಕಿ ಸಮುದಾಯದ ಹುಡುಗಿಗಾಗಲಿ ಎಟಕುವಂಥದಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಂ ಉಚಿತ ನೆರವು ಯಾರಿಗೆಂದು ಪಟ್ಟಿ ಮಾಡುತ್ತದೆ: ಪರಿಶಿಷ್ಟ ಜಾತಿ ಪಂಗಡದವರು, ಹೆಂಗಸರು ಮಕ್ಕಳು, ಅಂಗವಿಕಲರು, ವಿಪತ್ತಿಗೆ ಸಿಕ್ಕವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಆದಾಯದ ಮಿತಿಯೊಳಗಿನವರು ಮುಂತಾದವರು. ಹೀಗಾಗಿ ಬಡ ಗುಮಾಸ್ತನಿಗೆ ಬಡವನೆಂಬ ಕಾರಣಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲ ಸಿಗಬಹುದು, ಸಾರ್ವಜನಿಕರ ಪರವಾಗಿ ನಿಜ ಹೇಳಿ ಕಷ್ಟಕ್ಕೆ ಸಿಕ್ಕವನೆಂಬ ಕಾರಣಕ್ಕೆ ಸಿಗುವುದಿಲ್ಲ. ಆ ಪಟ್ಟಿಗೆ ಒಂದು ಸಾಲು ಸೇರಿಸುವುದು ಸಂಸತ್ತಿನ ಕೈಯಲ್ಲಿದೆ. ಲೋಕಾಯುಕ್ತಕ್ಕೆ ದೂರು ಕೊಟ್ಟವರ ಹೆಸರು, ನೌಕರಿ ಮತ್ತು ವಕೀಲನ ವೆಚ್ಚವನ್ನು ಕಾಯುವ ನಿಯಮಕ್ಕಾದರೆ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. 1984ರ ಲೋಕಾಯುಕ್ತ ಕಾಯ್ದೆ ಕರ್ನಾಟಕ ವಿಧಾನಮಂಡಲವೇ ಮಾಡಿದ ಕಾಯ್ದೆ, ಅದನ್ನು ತಿದ್ದುವ ಅಧಿಕಾರವೂ ಆ ಸಭೆಗೇ ಇದೆ.